ನಲವತ್ತೈದರ ಕೋಣೆ

ಇವತ್ತು ಬೆಳಗಿನಿಂದ ಹನ್ನೊಂದು ಜನ ಬೋಳುತಲೆಯವರನ್ನು ನೋಡಿದ್ದೇನೆ. ಒಬ್ಬನಿಗೂ ಹದಿನೆಂಟು ತುಂಬಿಲ್ಲ. ಬೋಳು ಬಂದ ಕೂಡಲೇ ಅಮ್ಮಂದಿರು ಹೌಹಾರುತ್ತಾರೆ, ಅಪ್ಪಂದಿರು ತಮ್ಮ ತಲೆ ಸವರಿಕೊಳ್ಳುತ್ತಾರೆ, ಹುಡುಗ ಕನ್ನಡಿ ಕೊಡಿ ಎನ್ನುತ್ತಾನೆ. ಕನ್ನಡಿಗೆ ನಾನು ಟವೆಲ್ ಹೊದಿಸಿಟ್ಟಿದ್ದೇನೆ. ಬೋಳಿಗೂ ಓದುವ ವಿಷಯಕ್ಕೂ ಸಂಬಂಧವಿಲ್ಲ, ಅದು ನಿಮ್ಮ ತಾತನಿಂದ ಬಂದದ್ದು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆದರೂ ಸಾಹಿತ್ಯ ಎಂದು ಬರೆದು ಬೋಳಾದವನು ಅದನ್ನು ಹೊಡೆದುಹಾಕಿ ಅರ್ಥಶಾಸ್ತ್ರ ಬರೆಯುತ್ತಾನೆ, ಮತ್ತೆ ಬೋಳಾಗುತ್ತಾನೆ, ಮೂರನೆಯ ಸಲ ಇತಿಹಾಸ ಬರೆದು ಅಲ್ಲೂ ಬೋಳಾಗಿ ಅಳುಮುಖ ಮಾಡಿಕೊಂಡು ನನ್ನನ್ನು ನೋಡುತ್ತಾನೆ. ಕೂದಲನ್ನೆಲ್ಲ ನಾನೇ ಕಿತ್ತಿಟ್ಟುಕೊಂಡಿದ್ದೇನೆ ಎನ್ನುವ ಹಾಗೆ.

ನಮ್ಮ ಊರಿನ ಕಾಲೇಜಿನ ಏಳನೇ ನಂಬರಿನ ಕೋಣೆಯಲ್ಲಿ ಕೂತು, ಫಾರಂನಲ್ಲಿ ‘ಬಯಸುವ ವಿಷಯ’ ಎಂದಿರುವ ಕಡೆ ಒಂದು ವಿಷಯದ ಹೆಸರು ಬರೆದು ಸಹಿ ಹಾಕಿದರೆ, ಒಂದು ಲೋಟ ಟೀ ಆರುವಷ್ಟರಲ್ಲಿ ಆ ಮಗುವಿಗೆ ನಲವತ್ತೈದು ವರ್ಷವಾಗುತ್ತದೆ. ಆ ವಿಷಯ ಓದಿ, ಅದರಿಂದ ಸಿಕ್ಕ ಕೆಲಸ ಮಾಡುತ್ತ ಮಾಡುತ್ತ ನಲವತ್ತೈದು ಮುಟ್ಟಿದ ಮೈ ಅದು. ಒಳಗಿನ ಬುದ್ಧಿ ಮಾತ್ರ ಹದಿನೇಳರದೇ. ಬೇಡವೆನ್ನಿಸಿ, ಬರೆದದ್ದರ ಮೇಲೆ ಗೀಟು ಎಳೆದರೆ ಮೈ ಮೊದಲಿನಂತಾಗುತ್ತದೆ. ಬೇಕೆಂದು ತಂದೆಯೋ ತಾಯಿಯೋ ಕೆಳಗೆ ಸಹಿ ಹಾಕಿದರೂ ಮೊದಲಿನಂತಾಗುತ್ತದೆ; ಆಮೇಲೆ ಆ ಮೈ ಅವಸರವಿಲ್ಲದೆ ವರ್ಷ ವರ್ಷವಾಗಿ ತಾನೇ ಬರುತ್ತದೆ. ಒಬ್ಬೊಬ್ಬರಿಗೆ ಮೂರು ಫಾರಂ. ನಾಲ್ಕನೆಯದನ್ನು ಕೇಳುವವರು ಪ್ರತಿ ವರ್ಷವೂ ಇರುತ್ತಾರೆ. ನಾನು ಕೊಡುವುದಿಲ್ಲ.

ಊರಿನವರು ಇದಕ್ಕೆ ನಲವತ್ತೈದು ನೋಡಿಸುವುದು ಎನ್ನುತ್ತಾರೆ. ‘ನಿಮ್ಮ ಹುಡುಗೀದು ನಲವತ್ತೈದು ನೋಡಿಸಿದ್ರಾ?’ ಎಂದು ತರಕಾರಿ ಅಂಗಡಿಯ ಮುಂದೆ ಕೇಳಿಕೊಳ್ಳುತ್ತಾರೆ, ಜಾತಕ ನೋಡಿಸಿದ್ರಾ ಎಂದು ಕೇಳಿದಷ್ಟೇ ಸಲೀಸಾಗಿ. ಜೂನ್ ಬಂತೆಂದರೆ ಕಾಲೇಜಿನ ಗೇಟಿನೆದುರಿಗಿರುವ ಟೈಲರು ದೊಡ್ಡ ಅಳತೆಯ ಅಂಗಿ, ಸಡಿಲ ರವಿಕೆಗಳನ್ನು ಹಗ್ಗಕ್ಕೆ ನೇತುಹಾಕಿ ಬಾಡಿಗೆಗೆ ಕೊಡುತ್ತಾನೆ. ಕನ್ನಡಕದ ಅಂಗಡಿಯವರು ಹಳೆಯ ಕನ್ನಡಕಗಳ ಒಂದು ತಟ್ಟೆಯನ್ನೇ ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಮಗ ನಲವತ್ತೈದಾಗಿ ಕೂತಾಗ ಮೂವತ್ತೆಂಟರ ತಾಯಿ ಸೆರಗು ಸರಿಮಾಡಿಕೊಂಡು ‘ಟೀ ತಗೊಳ್ಳಿ’ ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೊದಮೊದಲು ನಗು ಬರುತ್ತಿತ್ತು. ಈಗ ಮುಂದಿನವರನ್ನು ಕರೆ ಎಂದು ತಿಪ್ಪಮ್ಮನಿಗೆ ಹೇಳುತ್ತೇನೆ. ತಿಪ್ಪಮ್ಮ ಈ ಕೋಣೆಯ ಅಟೆಂಡರು, ಟೀ ತರುವವಳು, ಬಾಗಿಲಲ್ಲಿ ಸರದಿ ನೋಡಿಕೊಳ್ಳುವವಳು.

ನನ್ನ ಕೆಲಸ ನೋಡುವುದು. ನೋಡಿ, ಉದ್ದನೆಯ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುವುದು: ಕೂದಲು, ಹಲ್ಲು, ಬೆನ್ನು, ಕೈಕಾಲು, ಗಾಯದ ಗುರುತು. ಅದಕ್ಕೆಂದೇ ಐದು ಕಾಲಂ ಗೀಟು ಹಾಕಿಟ್ಟಿದ್ದಾರೆ. ಮೂರು ಸಾಲು ಬರೆದಾದ ಮೇಲೆ ಮನೆಯವರು ‘ಏನ್ ಮೇಡಂ, ಯಾವುದು ತಗೊಳ್ಳೋದು?’ ಎಂದು ಕೇಳುತ್ತಾರೆ. ನಾನು ಮೂರರಲ್ಲಿ ಒಳ್ಳೆಯ ಮೈ ಯಾವುದೋ ಅದನ್ನು ತೋರಿಸುತ್ತೇನೆ. ಮೈ ಸುಖವಾಗಿದ್ದರೆ ಎಲ್ಲ ಸುಖ, ಇದು ನನ್ನ ಮಾತು. ಇಪ್ಪತ್ತೆಂಟು ವರ್ಷದಿಂದ ಇದನ್ನೇ ಹೇಳಿದ್ದೇನೆ. ಹೇಳುವಾಗ ಈಗೀಗ ಕಿಟಕಿಯ ಕಡೆ ನೋಡುತ್ತಿರುತ್ತೇನೆ.

ನಾನು ಓದಿದ್ದು ತರ್ಕಶಾಸ್ತ್ರ. ಹದಿನೇಳರಲ್ಲಿ ಇದೇ ಕೋಣೆಯಲ್ಲಿ ಕೂತು ಅದನ್ನು ಬರೆದಾಗ ಮೈಯೆಲ್ಲ ಚೆನ್ನಾಗಿಯೇ ಬಂತು, ಪಾದಗಳು ಮಾತ್ರ ಊದಿಕೊಂಡಿದ್ದವು. ನಮ್ಮಮ್ಮ ಬಗ್ಗಿ ನೋಡಿ, ‘ಪರವಾಗಿಲ್ಲ, ನಮ್ಮ ಅಂಬುಜ ಊರೂರು ತಿರುಗ್ತಾಳೆ’ ಎಂದು ಹಿಗ್ಗಿದಳು. ನಾನು ಈ ಊರಿನ ಎಲ್ಲೆ ದಾಟಿದ್ದು ನಾಲ್ಕು ಸಲ. ಪಾದ ಊದಿದ್ದು ಕರಿಹಲಗೆಯ ಮುಂದೆ ನಿಂತು ನಿಂತು. ನನ್ನ ಪಾದ ನೋಡಿದ ಮೇಲೆ ತರ್ಕಶಾಸ್ತ್ರ ತಗೊಳ್ಳುವವರೂ ಕಡಿಮೆಯಾದರು, ವಿಭಾಗಕ್ಕೆ ಬೀಗ ಬಿತ್ತು, ಪ್ರಿನ್ಸಿಪಾಲರು ನನ್ನನ್ನು ಪೂರ್ತಿಯಾಗಿ ಈ ಕುರ್ಚಿಗೇ ಹಾಕಿದರು. ಮೈ ಕಾಣುತ್ತದೆ, ಕಾರಣ ಕಾಣುವುದಿಲ್ಲ ಎಂದು ನಾನು ಅವತ್ತೇ ಕಲಿಯಬೇಕಿತ್ತು. ತರ್ಕ ಓದಿದವಳಲ್ಲವೇ?

ಮುಖ ನೋಡಿ ಮಣೆ ಹಾಕುವ ಊರು ನಮ್ಮದು. ಗಾಯ ಕಂಡ ವಿಷಯವನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಊರಿನ ಜನರ ಮೈ ನೋಡಬೇಕು, ಒಂದು ಗೀರಿಲ್ಲ. ನೇರ ಬೆನ್ನು, ಮೆತ್ತನೆ ಅಂಗೈ. ಬಾವಿ ತೋಡಬೇಕೆಂದರೆ ಪಕ್ಕದೂರಿನಿಂದ ಬರಬೇಕು, ಕಂಬದಲ್ಲಿ ಕರೆಂಟು ಹೋದರೆ ಪಕ್ಕದೂರಿನಿಂದ ಬರಬೇಕು, ದನಕ್ಕೆ ಜ್ವರ ಬಂದರೂ ಅಲ್ಲಿಂದಲೇ ಬರಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವೂ ಹೇಳುತ್ತೇವೆ, ಬೇರೆಯವರ ಕೈ ನೋಡಿಕೊಂಡು ಹೇಳುತ್ತೇವೆ. ಸಂಜೆ ಆರಕ್ಕೆ ಮುಖ್ಯರಸ್ತೆಯಲ್ಲಿ ನಿಂತರೆ ಆಫೀಸುಗಳಿಂದ ಬರುವವರೆಲ್ಲ ಚಂದದ ಜನ. ಎಲ್ಲರೂ ಆಕಳಿಸುತ್ತಿರುತ್ತಾರೆ. ಅವರಲ್ಲಿ ಅರ್ಧ ಜನರನ್ನು ಅಲ್ಲಿಗೆ ಕಳಿಸಿದ್ದು ನಾನು.

ಇವತ್ತು ಕೊನೆಯ ದಿನ. ಐದು ಗಂಟೆಗೆ ಫಾರಂ ಕಟ್ಟು ಪ್ರಿನ್ಸಿಪಾಲರ ಮೇಜಿಗೆ ಹೋಗಬೇಕು, ಆಮೇಲೆ ಬಂದದ್ದು ಮುಂದಿನ ವರ್ಷಕ್ಕೆ. ಮೂರೂವರೆಗೆ ನನ್ನ ಪಾದ ಚಪ್ಪಲಿಯಿಂದ ಹೊರಗೆ ಬಂದಿತ್ತು. ತಿಪ್ಪಮ್ಮ ಬಾಗಿಲಲ್ಲಿ ಕತ್ತು ಹಾಕಿ, ‘ಇನ್ನ ಇಬ್ರೇ ಅವ್ರೆ. ಒಬ್ರು ನಿಮ್ಮ ಹಳೇ ಹುಡುಗನಂತೆ, ಕೈ ಮುಗ್ಕೊಂಡೇ ನಿಂತವ್ರೆ’ ಎಂದಳು.

ಒಳಗೆ ಬಂದವನನ್ನು ನಾನು ತಕ್ಷಣ ಗುರುತು ಹಿಡಿದೆ. ಅವನ ಈಗಿನ ಮುಖವನ್ನು ನಾನು ಇಪ್ಪತ್ತೆಂಟು ವರ್ಷದ ಹಿಂದೆಯೇ ನೋಡಿದ್ದೆನಲ್ಲ. ದಟ್ಟ ಕೂದಲು, ಹಣೆಯ ಮೇಲೆ ಎರಡು ಗೆರೆ, ಸಣ್ಣ ಹೊಟ್ಟೆ, ಮೂವತ್ತೆರಡು ಹಲ್ಲು. ನಾನು ಬರೆದಂತೆಯೇ ಬಂದು ನಿಂತಿದ್ದ. ಗುರುಶಾಂತಪ್ಪ. ನಾನು ಈ ಕುರ್ಚಿಯಲ್ಲಿ ಕೂತ ಮೊದಲನೆಯ ವರ್ಷದ ಹುಡುಗ. ಜೊತೆಗೆ ಮಗಳು ನೀಲಾಂಬಿಕೆ, ಎರಡು ಜಡೆ, ಉಗುರು ಕಚ್ಚಿ ಕಚ್ಚಿ ತೆಗೆದ ಬೆರಳು.

ಅವನು ಕಾಲಿಗೆ ಬಿದ್ದ. ನಾನು ಊದಿದ ಪಾದಗಳನ್ನು ಹಿಂದಕ್ಕೆಳೆದುಕೊಂಡೆ.

‘ಮೇಡಂ, ನೆನಪಿದೀನಾ? ನೋಡಿ, ನೀವು ಹೇಳಿದಂಗೇ ಇದೀನಿ’ ಎಂದು ತೋಳಿನ ಗುಂಡಿ ಬಿಚ್ಚಿ ಮೊಳಕೈವರೆಗೂ ಮಡಿಸಿ ತೋರಿಸಿದ. ‘ಮೈಮೇಲೆ ಒಂದು ಗೀರಿಲ್ಲ. ಆಡಳಿತಶಾಸ್ತ್ರ ತಗೊಳಪ್ಪಾ ಅಂದ್ರಿ, ತಗೊಂಡೆ. ನೋಂದಣಿ ಆಫೀಸು. ಕಿಟಕಿ ಪಕ್ಕದ ಸೀಟು, ಮೇಲೆ ಫ್ಯಾನು. ಇಪ್ಪತ್ನಾಲ್ಕು ವರ್ಷ ಆಯ್ತು, ಒಂದು ದಿನ ರಜಾ ಹಾಕಿಲ್ಲ.’

‘ಒಂದು ದಿನಾನೂ ಇಲ್ವಾ?’ ಎಂದೆ.

‘ಹಾಕಿ ಎಲ್ಲಿಗೆ ಹೋಗ್ಲಿ ಮೇಡಂ?’ ಎಂದು ನಕ್ಕ. ದೂರಲಿಲ್ಲ, ನಿಜವಾಗಿಯೂ ಕೇಳಿದ. ಬೈದಿದ್ದರೆ ಸುಲಭವಿತ್ತು. ಹೀಗೆ ಕೈಮುಗಿದವನ ಮುಂದೆ ಮುಖ ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ.

‘ಇವಳಮ್ಮ ಬರಲ್ಲ ಅಂದ್ಲು’ ಎಂದ. ‘ಮಗಳು ತನಗಿಂತ ದೊಡ್ಡೋಳಾಗೋದನ್ನ ನೋಡೋಕಾಗಲ್ಲ ಅಂತ. ನಾನಂದೆ, ನಮ್ ಮೇಡಂ ಇದಾರೆ, ನಂಗೆ ಹೇಳಿದಂಗೆ ಇವಳಿಗೂ ಹೇಳ್ತಾರೆ, ನೀನು ಆರಾಮಾಗಿರು ಅಂತ.’

ಮೊದಲನೆಯ ಫಾರಂನಲ್ಲಿ ನೀಲಾ ಅಪ್ಪ ಹೇಳಿದಂತೆ ಆಡಳಿತಶಾಸ್ತ್ರ ಬರೆದಳು. ನಲವತ್ತೈದರ ಹೆಂಗಸು ಬಂದಳು, ದುಂಡಗೆ, ನೀಟಾಗಿ, ಅಪ್ಪನ ಅಚ್ಚು. ಕೂತು ಎರಡು ನಿಮಿಷಕ್ಕೆ ಆಕಳಿಸಿದಳು. ‘ನಂಗೆ ನಿದ್ದೆ ಬರ್ತಿಲ್ಲ ಮೇಡಂ, ಬಾಯಿ ತಾನೇ ತೆರ್ಕೊಳ್ತು’ ಎಂದು ನಾಚಿಕೊಂಡಳು. ಎರಡನೆಯದರಲ್ಲಿ ಗ್ರಂಥಾಲಯ ವಿಜ್ಞಾನ ಬರೆದಳು. ಅದರಲ್ಲಿ ಇನ್ನೂ ಚೆಂದ ಬಂದಳು, ಕನ್ನಡಕ ಒಪ್ಪುತ್ತಿತ್ತು, ಕೈಬೆರಳು ನೀಳವಾಗಿ ಮೃದುವಾಗಿದ್ದವು. ಎರಡೂ ಕೈ ಮಡಿಲಲ್ಲಿ ಬಿದ್ದುಕೊಂಡಿದ್ದವು. ಹೋದ ವರ್ಷ ಇದೇ ವಿಷಯ ಬರೆದ ಇನ್ನೊಬ್ಬ ಹುಡುಗಿಯ ಕೈ ಅವಳನ್ನು ಕೇಳದೆಯೇ ನನ್ನ ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ಎತ್ತರಕ್ಕೆ ತಕ್ಕಂತೆ ಜೋಡಿಸಿ ಧೂಳು ಊದಿತ್ತು. ನೀಲಾಳ ಕೈ ಏನನ್ನೂ ಮುಟ್ಟಲಿಲ್ಲ.

ಇದನ್ನು ನಾನು ಬಹಳ ವರ್ಷದಿಂದ ಗಮನಿಸಿದ್ದೇನೆ. ಮೈ ಬರೀ ಹಲ್ಲು ಕೂದಲಲ್ಲ. ಇಪ್ಪತ್ತೆಂಟು ವರ್ಷ ಮಾಡಿದ ಕೆಲಸ ಕೈಗೆ ಅಂಟಿರುತ್ತದೆ, ಒಳಗಿನ ಹುಡುಗನಿಗೋ ಹುಡುಗಿಗೋ ಗೊತ್ತಿಲ್ಲದೆ ಕೈ ಏನೋ ಮಾಡಿಬಿಡುತ್ತದೆ. ಕೆಲವರ ಕೈ ಹುಡುಕುತ್ತದೆ, ಕೆಲವರದು ಸುಮ್ಮನೆ ಬಿದ್ದಿರುತ್ತದೆ. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ. ಮನೆಯವರೂ ಕೇಳುವುದಿಲ್ಲ. ಕೇಳದ್ದನ್ನು ಹೇಳಿ ಯಾಕೆ ತಲೆನೋವು ತಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ. ಸುಸ್ತಾದವರ ಸುಳ್ಳು ಹೀಗೇ ಇರುತ್ತದೆ, ಅದು ಬಾಯಿ ತೆರೆಯುವುದೇ ಇಲ್ಲ.

‘ಸಾಕಲ್ವಾ ಮೇಡಂ, ಇದೇ ಇರಲಿ. ಲೈಬ್ರರಿ ತಂಪಾಗಿರುತ್ತೆ’ ಎಂದು ಗುರುಶಾಂತಪ್ಪ ಜೇಬಿನಿಂದ ಪೆನ್ನು ತೆಗೆದ.

‘ಇನ್ನೊಂದು ಫಾರಂ ಇದೆ ಅಪ್ಪಾಜಿ’ ಎಂದಳು ಮಗಳು.

‘ಎರಡರಲ್ಲೇ ಒಳ್ಳೇದು ಬಂತಲ್ಲವ್ವಾ. ಮೂರನೇದು ಬರೀಲೇಬೇಕು ಅಂತ ಏನಿಲ್ಲ.’

‘ಇದೆಯಲ್ಲ’ ಎಂದು ಅವಳು ಗೀಟು ಎಳೆದು, ಮೂರನೆಯ ಫಾರಂ ಎಳೆದುಕೊಂಡು ರಸಾಯನಶಾಸ್ತ್ರ ಎಂದು ಬರೆದಳು. ಬರೆದ ರೀತಿಯಲ್ಲೇ ತಿಳಿಯಿತು, ಬಂದದ್ದೇ ಇದಕ್ಕೆ. ಮೊದಲಿನ ಎರಡು ಅಪ್ಪನ ಸಮಾಧಾನಕ್ಕೆ.

ತಿಪ್ಪಮ್ಮ ಟೀ ತಂದಿಟ್ಟಳು. ಗಾಜಿನ ಲೋಟದ ಮೇಲಿನ ಹಬೆ ಇಳಿಯುವಷ್ಟರಲ್ಲಿ ನೀಲಾಳ ಜಡೆ ಸಡಿಲವಾಗಿ ನರೆತ ತುರುಬಾಯಿತು. ಗಲ್ಲದ ಕೆಳಗಿನಿಂದ ಕುತ್ತಿಗೆಗೆ ಸುಟ್ಟ ಕಲೆಯೊಂದು ಹರಿಯಿತು. ಎಡಗೈಯಲ್ಲಿ ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ. ಚರ್ಮ ಒಟ್ಟಾಗಿ ಕೂಡಿ ಎಷ್ಟೋ ವರ್ಷವಾದಂತೆ ಹೊಳೆಯುತ್ತಿತ್ತು.

ಗುರುಶಾಂತಪ್ಪ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. ‘ಹೊಡೆದಾಕಿ!’ ಎಂದ. ‘ನೀವು… ಅಲ್ಲ, ನೀನು… ನೀಲಾ, ಅದನ್ನ ಹೊಡೆದಾಕು ಮೊದ್ಲು.’ ಎದುರಿಗಿದ್ದವಳು ಅವನದೇ ವಯಸ್ಸಿನವಳು. ಅಪ್ಪ ಮಗಳು ಇಬ್ಬರೂ ನಲವತ್ತೈದರವರು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವನ ಮುಖದಲ್ಲಿ ಒಂದು ಕಲೆ ಇರಲಿಲ್ಲ.

ನೀಲಾ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ‘ನೋವಾಗುತ್ತಾ ಮೇಡಂ?’ ಎಂದು ಕೇಳಿದಳು. ದನಿ ದಪ್ಪವಾಗಿದ್ದರೂ ಕೇಳಿದ್ದು ಮಗುವೇ.

‘ಆಗಿರುತ್ತೆ’ ಎಂದೆ. ಬೇರೆ ಏನು ಹೇಳಲಿ?

‘ಜೋಪಾನವಾಗಿದ್ರೆ? ಹುಷಾರಾಗಿ ಕೆಲಸ ಮಾಡಿದ್ರೆ?’

‘ಗೊತ್ತಿಲ್ಲ ಮಗು. ಈ ಊರಲ್ಲಿ ಯಾರೂ ಇಂಥ ವಿಷಯ ತಗೊಂಡೇ ಇಲ್ಲ. ತಗೊಂಡು ನೋಡಿದೋರು ಇದ್ದಿದ್ರೆ ಕೇಳಬಹುದಿತ್ತು.’

ಅವಳು ಪೆನ್ನು ಎತ್ತಿಕೊಂಡಳು. ಹೊಡೆದುಹಾಕುತ್ತಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹೊಡೆದುಹಾಕಲಿ ಎಂದೂ ಅನ್ನಿಸಿತು. ಬೇಗ ಮುಗಿಯುತ್ತಿತ್ತು, ಮನೆಗೆ ಹೋಗಿ ಬಿಸಿನೀರಲ್ಲಿ ಪಾದ ಇಳಿಬಿಡಬಹುದಿತ್ತು. ಬಲಗೈಯಲ್ಲಿ ಪೆನ್ನು ಹಾಗೇ ಇತ್ತು, ಅಷ್ಟರಲ್ಲಿ ಅವಳ ಎಡಗೈ, ಆ ಮೂರು ಬೆರಳಿನ ಕೈ, ಮೇಜಿನ ಮೇಲೆ ಮುಂದಕ್ಕೆ ಹೋಗಿ ಟೀ ಲೋಟದ ಕತ್ತು ಹಿಡಿದು ಎತ್ತಿತು. ಕಿಟಕಿಯ ಬೆಳಕಿಗೆ ಹಿಡಿಯಿತು. ತಲೆ ತಾನಾಗಿ ಬಾಗಿ ಕಣ್ಣು ಟೀಯ ಮಟ್ಟಕ್ಕೆ ಸರಿಯಾಗಿ ಬಂದು ನಿಂತಿತು. ಬಲಗೈ ಪೆನ್ನು ಬಿಟ್ಟು, ಲೋಟದ ಮೇಲಿನ ಗಾಳಿಯನ್ನು ಲ್ಯಾಬಿನವರ ಹಾಗೆ ಮೂಗಿನ ಕಡೆ ಮೆಲ್ಲಗೆ ಬೀಸಿಕೊಂಡಿತು. ಆಮೇಲೆ ಲೋಟವನ್ನು ಒಂದು ಸುತ್ತು ಅಲುಗಿಸಿತು, ಒಂದು ಹನಿ ಚೆಲ್ಲಲಿಲ್ಲ. ಮತ್ತೆ ಅವಳ ಗಂಟಲಿನಿಂದ ಸಣ್ಣದೊಂದು ಗುನುಗು ಬಂತು. ಒಬ್ಬಳೇ ಇರುವಾಗ, ಕೆಲಸ ಕೈಗೆ ಹತ್ತಿದಾಗ ಬರುವಂಥ ಗುನುಗು. ಆ ಮೈ ತನ್ನನ್ನು ಯಾರಾದರೂ ನೋಡುತ್ತಿದ್ದಾರೆ ಎಂಬುದನ್ನೇ ಮರೆತಂತಿತ್ತು.

‘ನಾನಲ್ಲ ಮೇಡಂ’ ಎಂದಳು ನೀಲಾ, ಗಾಬರಿಯಾಗಿ ಲೋಟ ಇಟ್ಟು. ‘ಕೈ ತಾನೇ ಮಾಡ್ತು.’

‘ಗೊತ್ತು.’

‘ಎರಡು ಬೆರಳು ಹೋದ್ಮೇಲೂ ಯಾಕೆ ಹಾಗೆ ಮಾಡ್ತು?’

‘ಅದಕ್ಕಿನ್ನೂ ಆಸೆ ಇದೆ’ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಈ ಕುರ್ಚಿಯಲ್ಲಿ ಕೂತು ಅಳುವುದನ್ನು ನಾನು ಬಿಟ್ಟು ಬಹಳ ವರ್ಷವಾಗಿತ್ತು.

ಗುರುಶಾಂತಪ್ಪ ಇದನ್ನೆಲ್ಲ ನೋಡಿಯೂ ನೋಡದವನಂತೆ ನಿಂತಿದ್ದ. ‘ಮೇಡಂ, ಹೇಳಿ ಇವಳಿಗೆ’ ಎಂದ. ‘ನಂಗೆ ಹೇಳಿದ್ರಲ್ಲ, ಮೈ ಸುಖವಾಗಿದ್ರೆ ಎಲ್ಲ ಸುಖ ಅಂತ. ಅದನ್ನೇ ಹೇಳಿ. ನಿಮ್ಮ ಬಾಯಿಂದ ಬಂದ್ರೆ ಕೇಳ್ತಾಳೆ.’

ಐದಕ್ಕೆ ಇನ್ನು ಮುಕ್ಕಾಲು ಗಂಟೆಯಿತ್ತು. ನಾನು ಎದ್ದು ಬರಿಗಾಲಲ್ಲೇ ಬೀರುವಿಗೆ ಹೋದೆ. ಮೊದಲನೆಯ ವರ್ಷದ ರಿಜಿಸ್ಟರು ಕೆಳಗಿನ ಅರೆಯಲ್ಲಿತ್ತು, ಬಗ್ಗಿ ತೆಗೆಯುವಾಗ ಸೊಂಟ ಹಿಡಿಯಿತು. ತಂದು ಅವನ ಮುಂದಿಟ್ಟು ಪುಟ ತೆರೆದೆ. ನನ್ನ ಹಳೆಯ ಅಕ್ಷರ, ದುಂಡಗೆ, ಹೊಸ ಕೆಲಸದ ಹುರುಪಿನದು. ಗುರುಶಾಂತ. ಭೂಗರ್ಭಶಾಸ್ತ್ರ. ಕೂದಲು ವಿರಳ. ಮುಂದಿನ ಹಲ್ಲು ಎರಡಿಲ್ಲ. ಎಡಗಾಲು ಕುಂಟು. ಕುತ್ತಿಗೆ ಬಿಸಿಲಿಗೆ ಕಪ್ಪು. ಅದರ ಕೆಳಗೆ: ಆಡಳಿತಶಾಸ್ತ್ರ. ಎಲ್ಲ ಚೆನ್ನಾಗಿದೆ.

‘ಅವತ್ತು ನೀನು ಮೊದಲು ಬರೆದದ್ದು ಕಲ್ಲು ಮಣ್ಣಿನ ಶಾಸ್ತ್ರ. ಏನಾಯ್ತು ನೆನಪಿದೆಯಾ?’ ಎಂದು ಕೇಳಿದೆ.

‘ಇಲ್ಲೇ ಇದೆಯಲ್ಲ ಮೇಡಂ. ಕುಂಟಾದೆ. ಹಲ್ಲು ಹೋಗಿತ್ತು. ನಮ್ಮಪ್ಪ ಬೆಚ್ಚಿಬಿದ್ದು ಗೀಟು ಎಳೆಸಿದ್ರು.’

‘ಅಷ್ಟೇನಾ?’

‘ಅಷ್ಟೇ.’

‘ಅಷ್ಟೇ ಅಲ್ಲ ಗುರುಶಾಂತ. ನಾನು ಪೂರ್ತಿ ಬರೀಲಿಲ್ಲ. ನಿಮ್ಮಪ್ಪ ಗಲಾಟೆ ಮಾಡ್ತಿದ್ರು, ನಂಗಿನ್ನೂ ಹೊಸತು, ಇದ್ದ ಐದು ಕಾಲಂ ತುಂಬಿ ಮುಚ್ಚಿಬಿಟ್ಟೆ. ನೀನು ಆ ಕುಂಟುಗಾಲಲ್ಲೇ ಎದ್ದು ಈ ಮೇಜಿಗೆ ಬಂದೆ. ಕಾಗದ ಹಾರದಿರಲಿ ಅಂತ ಇಟ್ಟಿದ್ದ ಕಲ್ಲು ಎತ್ಕೊಂಡೆ. ಕಿಟಕಿಗೆ ತಗೊಂಡು ಹೋಗಿ ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ನಾಲಿಗೆ ಚಾಚಿ ಅದನ್ನ ನೆಕ್ಕಿದೆ. ನನಗೆ ನಗು ಬಂತು. ಕಲ್ಲು ಓದೋರು ಹಾಗೆ ನೆಕ್ಕಿ ನೋಡ್ತಾರೆ, ಒದ್ದೆಯಾದ್ರೆ ಒಳಗಿನ ಬಣ್ಣ ಕಾಣುತ್ತೆ ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅವತ್ತು ನೀನು ಎಷ್ಟು ಖುಷಿಯಾಗಿದ್ದೆ ಗೊತ್ತಾ? ಇಲ್ಲದ ಹಲ್ಲಲ್ಲಿ ನಗ್ತಿದ್ದೆ. ಅದನ್ನ ನಿಮ್ಮಪ್ಪನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ತಪ್ಪಾಯ್ತು.’

ಅವನು ರಿಜಿಸ್ಟರಿನ ಮೇಲೆ ಬಗ್ಗಿಯೇ ಇದ್ದ. ಆ ಮಾತು ಅಲ್ಲಿ ಎಲ್ಲಾದರೂ ಇದೆಯೋ ಎಂದು ಹುಡುಕುವವನ ಹಾಗೆ ಬೆರಳಿಟ್ಟು ಸಾಲು ನೋಡಿದ. ‘ಇಲ್ಲ ಮೇಡಂ, ನಂಗೆ ಹಂಗೇನೂ ನೆನಪಿಲ್ಲ’ ಎಂದ. ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡು, ‘ಉಪ್ಪುಪ್ಪಾಗಿತ್ತು’ ಎಂದ.

ನೀಲಾ ಅಪ್ಪನನ್ನೇ ನೋಡುತ್ತಿದ್ದಳು. ಅವಳಿಗೆ ಇದೆಲ್ಲ ಹೊಸತು. ಅಪ್ಪ ಎಂದರೆ ಅವಳಿಗೆ ಇಸ್ತ್ರಿ ಅಂಗಿ, ಒಂಬತ್ತೂವರೆಗೆ ಹೊರಡುವ ಸೈಕಲ್ಲು. ಆ ಅಪ್ಪ ಒಂದು ಕಾಲದಲ್ಲಿ ಕಲ್ಲು ನೆಕ್ಕಿದ್ದ ಎಂದರೆ ಯಾವ ಮಗಳಾದರೂ ಹಾಗೇ ನೋಡುತ್ತಾಳೆ.

‘ಹಂಗಂತ?’ ಎಂದ ಗುರುಶಾಂತಪ್ಪ ಒಮ್ಮೆಲೇ, ದನಿ ಏರಿಸಿ. ‘ಇವಳು ಬೆರಳು ಕಳ್ಕೋಬೇಕಾ ಮೇಡಂ? ನೀವು ಹೇಳಿದ್ರಿ ಅಂತ ಇವತ್ತು ಸಹಿ ಹಾಕ್ತೀನಿ. ನಾಳೆ ಆ ಬೆರಳು ಹೋದ ದಿನ ನಾನು ಯಾರನ್ನ ಕೇಳ್ಲಿ?’

‘ನನ್ನನ್ನ ಕೇಳು.’

‘ನೀವು ಇರ್ತೀರಾ? ಇನ್ನು ಇಪ್ಪತ್ತೆಂಟು ವರ್ಷ?’

ಅವನು ಕೇಳಿದ್ದು ನ್ಯಾಯ. ಬೇರೆಯವರ ಮಕ್ಕಳ ಬೆರಳಿನ ಮೇಲೆ ಧೈರ್ಯ ಮಾಡುವುದು ಸುಲಭ. ‘ಇರಲ್ಲ’ ಎಂದೆ. ‘ನಾನು ಹೇಳೋದು ಇಷ್ಟೇ. ಬೆರಳು ಹೋಗೋದೂ ಕಂಡಿದೆ, ಆ ಕೈಗೆ ಏನು ಬೇಕು ಅನ್ನೋದೂ ಕಂಡಿದೆ. ಎರಡನ್ನೂ ನೋಡಿ ತೀರ್ಮಾನ ಮಾಡು. ಅವತ್ತು ನಿನಗೆ ನಾನು ಒಂದನ್ನೇ ತೋರಿಸಿದೆ.’

ಕಲ್ಲು ಮೇಜಿನ ಮೇಲೇ ಇತ್ತು. ಇಪ್ಪತ್ತೆಂಟು ವರ್ಷದಿಂದ ಅದೇ ಕಲ್ಲು, ಮುಷ್ಟಿಯಷ್ಟು, ಬೂದು ಬಣ್ಣದ್ದು, ಎಲ್ಲರ ಕೈ ತಾಗಿ ತಾಗಿ ನುಣುಪಾದದ್ದು. ನಾನು ಅದನ್ನು ಎತ್ತಿ ಅವನ ಅಂಗೈಯಲ್ಲಿಟ್ಟೆ. ಯಾಕೆ ಇಟ್ಟೆನೋ ನನಗೂ ಗೊತ್ತಿಲ್ಲ. ಏನೋ ಆದೀತು ಎಂಬ ಹುಚ್ಚು ಆಸೆ. ಕಿಟಕಿಗೆ ಹೋಗುತ್ತಾನೆ, ತಿರುಗಿಸಿ ನೋಡುತ್ತಾನೆ, ಎಲ್ಲೋ ಒಂದೆಳೆಯಾದರೂ ಉಳಿದಿರುತ್ತದೆ ಎಂದು ಕಾದೆ. ನೀಲಾ ಕೂಡ ಕಾದಳು. ತಿಪ್ಪಮ್ಮನೂ ಬಾಗಿಲಲ್ಲಿ ಕತ್ತು ಹಾಕಿದಳು.

ಅವನು ಕಲ್ಲು ಹಿಡಿದುಕೊಂಡು ನಿಂತ. ಮೇಲೆ ಫ್ಯಾನು ತಿರುಗುತ್ತಿತ್ತು, ಮಗಳ ಫಾರಂನ ಒಂದು ಮೂಲೆ ಪಟಪಟ ಹಾರುತ್ತಿತ್ತು. ಅವನ ಎಡಗೈ ಮುಂದೆ ಹೋಗಿ ಫಾರಂ ಅನ್ನು ಮೇಜಿನ ಅಂಚಿಗೆ ಸರಿಯಾಗಿ ಎಳೆದು ನೇರ ಮಾಡಿತು. ಬಲಗೈ ಕಲ್ಲನ್ನು ಅದರ ಮೇಲಿಟ್ಟಿತು. ಎಡಗೈ ಮತ್ತೊಮ್ಮೆ ಬಂದು ಮೂಲೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ಸಪಾಟು ಮಾಡಿತು.

ಆಮೇಲೆ ಅವನು ತನ್ನ ಕೈಗಳನ್ನು ನೋಡಿದ.

ಎಷ್ಟು ಹೊತ್ತು ನೋಡಿದನೋ. ಗೀರಿಲ್ಲದ, ನೀಟಾದ, ನಾನು ಮೆಚ್ಚಿ ಬರೆದಿದ್ದ ಕೈಗಳು. ಅವನು ಅವುಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಒರೆಸಿಕೊಳ್ಳುವಂಥದ್ದು ಏನೂ ಅಂಟಿರಲಿಲ್ಲ. ಬಿದ್ದಿದ್ದ ಕುರ್ಚಿ ಎತ್ತಿ ನಿಲ್ಲಿಸಿ ಕೂತ. ಮೇಜಿನ ಆಚೆಗೆ ಕೈ ಚಾಚಿ ಮಗಳ ಎಡಗೈ ಹಿಡಿದುಕೊಂಡ. ನಲವತ್ತೈದಾಗಿ ಕೂತವರನ್ನು ಮನೆಯವರು ಮುಟ್ಟಬಾರದು ಎಂಬ ಪದ್ಧತಿಯಿದೆ, ಗೋಡೆಯ ಮೇಲೆ ಬರೆದೂ ಇದೆ. ನಾನು ತಡೆಯಲಿಲ್ಲ. ಅವನು ಬೆರಳಿಲ್ಲದ ಜಾಗವನ್ನು ತನ್ನ ಹೆಬ್ಬೆರಳಿನಿಂದ ನಿಧಾನವಾಗಿ ಸವರಿದ.

‘ತುಂಬಾ ಇಷ್ಟಾನಾ?’ ಎಂದು ಕೇಳಿದ.

‘ಹ್ಞೂ ಅಪ್ಪಾಜಿ.’

‘ಭಯ ಆಗಲ್ವಾ?’

‘ಆಗುತ್ತೆ.’

‘ನಂಗೂ’ ಎಂದ. ಆಮೇಲೆ ನನ್ನ ಕಡೆ ತಿರುಗಿ, ‘ಎಲ್ಲಿ ಹಾಕ್ಬೇಕು ಮೇಡಂ?’ ಎಂದ. ಎಲ್ಲಿ ಸಹಿ ಹಾಕಬೇಕೆಂದು ಈ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆದರೂ ನಾನು ಬೆರಳಿಟ್ಟು ತೋರಿಸಿದೆ. ಅವನು ಕಲ್ಲನ್ನು ಸ್ವಲ್ಪ ಸರಿಸಿ, ಉದ್ದವಾಗಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದ. ಅವನು ಹಿಡಿದುಕೊಂಡಿದ್ದ ಕೈಯಲ್ಲಿ ಬೆರಳು ಮೂರಿದ್ದದ್ದು ಐದಾದವು, ಉಗುರು ಕಚ್ಚಿದ ಚಿಕ್ಕ ಬೆರಳುಗಳು. ಅವನು ಒಂದೊಂದನ್ನೇ ಮುಟ್ಟಿ ನೋಡಿದ. ಆಮೇಲೆ ಅತ್ತುಬಿಟ್ಟ. ಅಂಗಿಯ ತೋಳು ಇನ್ನೂ ಮೊಳಕೈಯವರೆಗೆ ಮಡಿಸಿಯೇ ಇತ್ತು, ಅದರಲ್ಲೇ ಕಣ್ಣೊರೆಸಿಕೊಂಡ.

ಹೋಗುವಾಗ ಅವನು ಮತ್ತೆ ಕಾಲಿಗೆ ಬೀಳಲಿಲ್ಲ. ಅದಕ್ಕಾಗಿ ನಾನು ಮನಸ್ಸಿನಲ್ಲೇ ಅವನಿಗೆ ಕೈಮುಗಿದೆ. ನೀಲಾ ಬಾಗಿಲ ಹತ್ತಿರ ನಿಂತು, ಎಡಗೈಯನ್ನು ಬಲಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಹೋಗಿಬರ್ತೀನಿ ಮೇಡಂ ಎಂದಳು. ಜೋಪಾನ ಎಂದೆ. ಈ ಮಾತನ್ನು ಅರ್ಥವಿಟ್ಟು ಹೇಳಿ ಎಷ್ಟೋ ದಿನವಾಗಿತ್ತು.

ಈ ವರ್ಷದ ರಿಜಿಸ್ಟರಿನಲ್ಲಿ ನೀಲಾಂಬಿಕೆಯ ಸಾಲು ಬರೆದೆ. ಎಡಗೈ ಎರಡು ಬೆರಳಿಲ್ಲ, ಕುತ್ತಿಗೆಗೆ ಸುಟ್ಟ ಕಲೆ. ಐದೂ ಕಾಲಂ ತುಂಬಿದ ಮೇಲೆ ಅಂಚಿನ ಖಾಲಿ ಜಾಗದಲ್ಲಿ, ಲೋಟವನ್ನು ಬೆಳಕಿಗೆ ಹಿಡಿದಳು, ಗುನುಗಿದಳು ಎಂದು ಸೇರಿಸಿದೆ. ಪ್ರಿನ್ಸಿಪಾಲರು ಕೇಳಿದರೆ ಕೇಳಲಿ, ಇನ್ನೆರಡು ವರ್ಷದಲ್ಲಿ ನಿವೃತ್ತಳಾಗುವವಳನ್ನು ಏನು ಮಾಡಿಯಾರು? ಐದಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ತಿಪ್ಪಮ್ಮ ಬಂದು ಲೋಟ ತೆಗೆಯುತ್ತ, ‘ಇನ್ನೊಬ್ಬ ಅವ್ನೆ ಮೇಡಂ, ಕರೀಲಾ? ನಿಮ್ಗೆ ಸುಸ್ತಾಗೈತೆ’ ಎಂದಳು. ಒಂದು ನಿಮಿಷ ತಡಿ ಎಂದೆ. ಹಳೆಯ ರಿಜಿಸ್ಟರು ಇನ್ನೂ ತೆರೆದೇ ಇತ್ತು. ಪೆನ್ನಿಗೆ ಮುಚ್ಚಳ ಹಾಕುವ ಮೊದಲು ಗುರುಶಾಂತನ ಹೆಸರಿನ ಮುಂದೆ, ಎಡಗಾಲು ಕುಂಟು ಎಂದಿದ್ದ ಸಾಲಿನ ಕೊನೆಯಲ್ಲಿ, ಇಪ್ಪತ್ತೆಂಟು ವರ್ಷ ತಡವಾಗಿ ಬರೆದೆ: ಕಲ್ಲು ನೆಕ್ಕಿ ನಕ್ಕ.